ತಪ್ಪು ಬ್ಯಾಟರಿಯದ್ದಾಗಿರಲಿಲ್ಲ

ಕಳೆದ ಮಳೆಗಾಲಕ್ಕೆ ಸ್ವಲ್ಪ ಮೊದಲು ಕಾರಿಗೆ ಎರಡು ಹೊಸ ಸಾಮಾನು ಹಾಕಿಸಿದೆ. ದೊಡ್ಡ ಸ್ಕ್ರೀನಿನ ಸ್ಟೀರಿಯೋ ಮಗಳ ಆಸೆ, ಫಾಗ್ ಲ್ಯಾಂಪ್ ನನ್ನದು. ಕಾರವಾರದಿಂದ ಶಿರಸಿಯ ಮನೆಗೆ ಹೋಗಲು ನಾನು ಕುಮಟಾದಿಂದ ದೇವಿಮನೆ ಘಟ್ಟ ಹತ್ತುತ್ತೇನೆ. ಜುಲೈ ತಿಂಗಳಲ್ಲಿ ಅಲ್ಲಿ ಮಂಜು ಕವಿದರೆ ಎದುರಿಗೆ ಬರುವ ಬಸ್ಸು ಮೂಗಿನ ಮುಂದೆ ಬಂದಾಗಲೇ ಕಾಣುವುದು.

ಹಾಕಿಸಿದ ವಾರದಲ್ಲೇ ಕಾಟ ಶುರುವಾಯ್ತು. ಮೂರು ದಿನ ಗಾಡಿ ನಿಂತರೆ ನಾಲ್ಕನೇ ದಿನ ಸೆಲ್ಫ್ ಎತ್ತುವುದಿಲ್ಲ, ಬರೀ ಟಕ್ ಟಕ್. ಒಮ್ಮೆ ಶಿರಸಿಯಲ್ಲಿ ಅಂಗಳದಿಂದ ತಳ್ಳಿಸಬೇಕಾಯ್ತು. ದೊಡ್ಡಮ್ಮ ಜಗಲಿಯಿಂದಲೇ, "ಹೊಸ ಬ್ಯಾಟ್ರಿ ಹಾಕ್ಸೋ ತಮಾ" ಅಂದಳು. ಸ್ಟೀರಿಯೋ ಕೂರಿಸಿದ ಅಂಗಡಿಯವನದ್ದೂ ಅದೇ ಮಾತು. ಆದರೆ ಬ್ಯಾಟರಿಗೆ ಆಗಿದ್ದು ಒಂದೇ ವರ್ಷ. ಸುಮ್ನೆ ಊಹೆಯ ಮೇಲೆ ದುಡ್ಡು ಸುರಿಯಲು ಮನಸ್ಸಾಗಲಿಲ್ಲ.

ಮೊದಲು ಬ್ಯಾಟರಿಯನ್ನೇ ಪರೀಕ್ಷಿಸಿದೆ. ಪೂರ್ತಿ ಚಾರ್ಜ್ ಮಾಡಿ, ಹತ್ತು ನಂಬರ್ ಪಾನಾದಲ್ಲಿ ನೆಗೆಟಿವ್ ಕೇಬಲ್ ಬಿಚ್ಚಿ ಎರಡು ದಿನ ಬಿಟ್ಟೆ. ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಿತು, ಅಂದರೆ ಚಾರ್ಜ್ ಇಳಿದಿಲ್ಲ. ಕೇಬಲ್ ಹಾಕಿ ಮತ್ತೆ ಎರಡು ದಿನ ಬಿಟ್ಟರೆ 12.1. ಎಂಜಿನ್ ಓಡುವಾಗ 14.2 ಬರುತ್ತಿತ್ತು, ಅಂದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂಡ ಸರಿ ಇದೆ. ಗಾಡಿ ನಿಂತಾಗ ಯಾವುದೋ ಒಂದು ಕರೆಂಟ್ ಕುಡಿಯುತ್ತಿತ್ತು.

ಕುಡಿಯುವುದನ್ನು ಹಿಡಿಯಲು ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿಯ ನೆಗೆಟಿವ್ ಮತ್ತು ಬಿಚ್ಚಿದ ಕೇಬಲ್ಲಿನ ನಡುವೆ ಮೀಟರ್ ಜೋಡಿಸಿದೆ. ಹೀಗಿರುವಾಗ ಸೆಲ್ಫ್ ಹೊಡೆಯಲೇಬಾರದು, ಮೀಟರಿನ ಫ್ಯೂಸ್ ಹಾರುತ್ತದೆ. ಡ್ರೈವರ್ ಬಾಗಿಲು ತೆರೆದಿಟ್ಟು, ಅದರ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದೆ. ಬಾಗಿಲು ಹಾಕಿದೆ ಅಂತ ಗಾಡಿ ನಂಬಬೇಕಲ್ವಾ! ಆಮೇಲೆ ಅರ್ಧ ಗಂಟೆ ಕಾದೆ. ಒಳಗಿನ ಕಂಪ್ಯೂಟರುಗಳು ಮಲಗಲು ಅಷ್ಟು ಹೊತ್ತು ಬೇಕು. ಮೊದಮೊದಲು ಒಂದೂವರೆ ಆಂಪಿಯರ್ ಇದ್ದದ್ದು ಇಳಿದು ಇಳಿದು 0.42ಕ್ಕೆ ನಿಂತುಬಿಟ್ಟಿತು. 0.05ರ ಒಳಗಿರಬೇಕಿತ್ತು. ಲೆಕ್ಕ ಹಾಕಿ ನೋಡಿ: ದಿನಕ್ಕೆ 10 ಆಂಪಿಯರ್-ಅವರ್. ನನ್ನ ಬ್ಯಾಟರಿ 35ರದ್ದು. ಮೂರು ದಿನಕ್ಕೆ ಖಾಲಿ ಆಗದೆ ಇನ್ನೇನು?

ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಹೋದೆ. ಏರ್‌ಬ್ಯಾಗಿನದ್ದನ್ನು ಮಾತ್ರ ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಆಡಿಯೋ ಫ್ಯೂಸ್ ಕಿತ್ತ ಕೂಡಲೇ ಮೀಟರ್ 0.02ಕ್ಕೆ ಬಿತ್ತು.

ನೆಗೆಟಿವ್ ಪೂರ್ತಿ ಬಿಚ್ಚಿಟ್ಟು ಸ್ಟೀರಿಯೋ ಹೊರಗೆಳೆದೆ. ಹಿಂದೆ ಹಳದಿ, ಕೆಂಪು ಎರಡೂ ವೈರುಗಳನ್ನು ಜಡೆಯ ಹಾಗೆ ಹೊಸೆದು ಕರಿ ಟೇಪ್ ಸುತ್ತಿಟ್ಟಿದ್ದರು. ಸೆಕೆಗೆ ಟೇಪಿನ ಅಂಟು ಕರಗಿ ಬೆರಳಿಗೆ ಹತ್ತಿತು. ಹಳದಿಗೆ ಯಾವಾಗಲೂ ಕರೆಂಟ್ ಇರಬೇಕು, ಸ್ಟೀರಿಯೋದ ನೆನಪಿನ ಶಕ್ತಿಗೆ. ಕೆಂಪಿಗೆ ಚಾವಿ ತಿರುಗಿಸಿದಾಗ ಮಾತ್ರ ಬರಬೇಕು. ಎರಡನ್ನೂ ಸೇರಿಸಿದ್ದರಿಂದ ಸ್ಕ್ರೀನ್ ಆರಿದರೂ ಅದು ಮಲಗುತ್ತಲೇ ಇರಲಿಲ್ಲ. ಕೇಳಿದರೆ ಅಂಗಡಿಯ ಹುಡುಗ, "ಚಾವಿ ತೆಗೆದ್ರೂ ಹಾಡು ಕೇಳ್ಬಹುದಲ್ಲ ಸರ್" ಅಂದ. ಉಪಕಾರವೇ ಮಾಡಿದ್ದ! ಕಾರು ಕಂಪನಿಯದ್ದೇ ಆದ, ಸ್ಟೀರಿಯೋಗೆ ವೈರ್ ಜೋಡಿಸುವ ಕಪ್ಲರಿನಲ್ಲಿ ಚಾವಿಗೆ ಸ್ಪಂದಿಸುವ ವೈರ್ ಖಾಲಿ ಬಿದ್ದಿತ್ತು. ಮೀಟರಿನಿಂದ ಅದನ್ನು ಪತ್ತೆ ಮಾಡಿ, ಕೆಂಪನ್ನು ಅದಕ್ಕೆ ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿದೆ.

ಇನ್ನೊಂದು ತೊಂದರೆ ಉಳಿದಿತ್ತು. ಫಾಗ್ ಲ್ಯಾಂಪ್ ಹಾಕಿದರೆ ಬಲಗಡೆಯದ್ದು ಮಂಕು, ಆ ಬದಿಯ ಇಂಡಿಕೇಟರೂ ಹುಚ್ಚುಹುಚ್ಚಾಗಿ ಮಿನುಗುತ್ತಿತ್ತು. ಎರಡೂ ಒಟ್ಟಿಗೆ ಕೆಟ್ಟಿವೆ ಅಂದರೆ ಅರ್ತಿಂಗ್ ಮೇಲೇ, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ಹಿಂತಿರುಗುವ ದಾರಿಯ ಮೇಲೇ ಅನುಮಾನ. ಲ್ಯಾಂಪ್ ಉರಿಯುವಾಗ ಅದರ ನೆಗೆಟಿವ್ ವೈರಿನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಅಳೆದೆ: 2.3 ವೋಲ್ಟ್. 0.2 ದಾಟಬಾರದು. ಫಾಗ್ ಲ್ಯಾಂಪಿನ ಅರ್ತ್ ವೈರನ್ನು ಇಂಡಿಕೇಟರಿನ ಅರ್ತ್ ಬೋಲ್ಟಿಗೇ, ಪೇಂಟಿನ ಮೇಲೇ ಬಿಗಿದಿದ್ದರು. ಕಾರವಾರದ ನಮ್ಮ ಮನೆ ಕಡಲಿಂದ ಕೂಗಳತೆಯ ದೂರ. ಉಪ್ಪು ಗಾಳಿಗೆ ತಾಮ್ರ ಹಸಿರಾಗಿ, ಉಜ್ಜಿದರೆ ಪುಡಿ ಉದುರುತ್ತಿತ್ತು. ಹಾಳಾದಷ್ಟು ವೈರ್ ಕತ್ತರಿಸಿ, ತುದಿಗೆ ಬೋಲ್ಟಿಗೆ ಸಿಗಿಸುವ ಹೊಸ ಲಗ್ ಹಾಕಿ, ಬಾಡಿಯ ಇನ್ನೊಂದು ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಿ ಬಿಗಿದೆ. ಹಳೇ ಬೋಲ್ಟಿಗೂ ಅದೇ ಸೇವೆ. ಬಿಗಿದ ಮೇಲೆ ಎರಡಕ್ಕೂ ಪೆಟ್ರೋಲಿಯಂ ಜೆಲ್ಲಿ ಬಳಿದೆ. ಈಗ 0.08.

ಹಾಗೇ ಫಾಗ್ ಲ್ಯಾಂಪಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ ಕಡೆ ನೋಡಿದೆ. ಆ ಸಪೂರ ವೈರಿಗೆ 30 ಆಂಪಿಯರ್ ಫ್ಯೂಸ್ ಹಾಕಿದ್ದರು! 55 ವಾಟಿನ ಎರಡು ಬಲ್ಬು ಎಳೆಯುವುದು ಹೆಚ್ಚೆಂದರೆ 9 ಆಂಪಿಯರ್ ಚಿಲ್ಲರೆ. ವೈರ್ ಎಲ್ಲಾದರೂ ಬಾಡಿಗೆ ತಾಗಿದರೆ ಫ್ಯೂಸಿಗಿಂತ ಮೊದಲು ವೈರೇ ಸುಡುತ್ತಿತ್ತು. 15ರದ್ದು ಹಾಕಿ, ಹೋಲ್ಡರನ್ನು ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ತಂದು ಕೂರಿಸಿದೆ. ಬ್ಯಾಟರಿ ಕೆಟ್ಟಿದ್ದರೂ ಚಿಂತೆ ಇರಲಿಲ್ಲ, ಇದನ್ನು ನೋಡಿ ಮಾತ್ರ ಬೆವರಿದೆ.

ಮೊನ್ನೆ ಒಂದು ವಾರ ನಿಲ್ಲಿಸಿದ್ದ ಗಾಡಿ ಮೊದಲ ಸೆಲ್ಫಿಗೇ ಎದ್ದಿತು, ಅದೇ ಬ್ಯಾಟರಿಯಲ್ಲಿ. ಮಗಳಿಗೆ ಮಾತ್ರ ಸಿಟ್ಟು. ಚಾವಿ ತೆಗೆದ ತಕ್ಷಣ ಹಾಡು ಅರ್ಧಕ್ಕೇ ನಿಲ್ಲುತ್ತದಂತೆ.