ದೂರ ಪಯಣಕ್ಕೆ ಬೈಕು ಆರಿಸುವುದು ಹೇಗೆ? ಹೊರೆ ಹೊರಿಸಿ ನೋಡಿ

ಶೋರೂಮಿನಲ್ಲಿ ನಿಂತಿರುವ ಬೈಕು ಯಾವಾಗಲೂ ಖಾಲಿ. ಟ್ಯಾಂಕಿನ ತಳದಲ್ಲಿ ಅರ್ಧ ಲೀಟರ್ ಪೆಟ್ರೋಲ್, ಹಿಂದೆ ಯಾರೂ ಇಲ್ಲ, ಬ್ಯಾಗಿಲ್ಲ, ಕಾಲಡಿ ನುಣುಪಾದ ಟೈಲ್ಸ್. ದೂರ ಪಯಣದ ಬೈಕು ತನ್ನ ಇಡೀ ಆಯುಷ್ಯದಲ್ಲಿ ಇಂಥ ಸ್ಥಿತಿಯಲ್ಲಿ ಓಡುವುದೇ ಇಲ್ಲ. ಆದರೂ ಹೆಚ್ಚಿನವರು ಆಯ್ಕೆ ಮಾಡುವುದು ಆ ಖಾಲಿ ಬೈಕನ್ನೇ. ಆರು ತಿಂಗಳಲ್ಲಿ ಮಾರಾಟಕ್ಕೆ ಬರುವ ಎಷ್ಟೋ ಟೂರಿಂಗ್ ಬೈಕುಗಳಲ್ಲಿ ಕೆಟ್ಟದ್ದು ಏನೂ ಇರುವುದಿಲ್ಲ. ಕೊಂಡವರ ಕಾಲಿಗೋ ಹಿಂದೆ ಕೂರುವವರ ಬೆನ್ನಿಗೋ ಅದು ಒಗ್ಗಿರುವುದಿಲ್ಲ, ಅಷ್ಟೇ.

ಹಂತ 1: ದಾರಿ ಬರೆದುಕೊಳ್ಳಿ

ಮುಂದಿನ ಎರಡು ವರ್ಷಗಳಲ್ಲಿ ನಿಜವಾಗಿ ಹೋಗಲಿರುವ ಐದು ಊರುಗಳನ್ನು ಕಾಗದದ ಮೇಲೆ ಬರೆಯಿರಿ. ಒಬ್ಬರೇ ಹೋಗುತ್ತೀರೋ, ಇಬ್ಬರೋ ಎಂಬುದನ್ನು ಎದುರಿಗೇ ಬರೆಯಿರಿ. ಬೆಂಗಳೂರಿನಿಂದ ಹೊರಡುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಚಿಕ್ಕಮಗಳೂರು, ಮಡಿಕೇರಿ, ಹಂಪಿ, ಗೋಕರ್ಣ ಇರುತ್ತವೆ. ಅಂದರೆ ನಾಲ್ಕು ಪಥದ ಹೆದ್ದಾರಿ, ಒಂದು ಘಾಟಿ, ಕೊನೆಯ ಹತ್ತಿಪ್ಪತ್ತು ಕಿ.ಮೀ. ಹೊಂಡದ ದಾರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹೀಗಿರುವಾಗ 160 ಕಿ.ಮೀ. ವೇಗ ಮುಟ್ಟುವ ಎಂಜಿನ್‌ಗೆ ಹಣ ಸುರಿಯುವುದು ವ್ಯರ್ಥ. ದಿನವಿಡೀ 90ರಲ್ಲಿ ನಡುಕವಿಲ್ಲದೆ ಓಡುವ, ಹೊರೆ ಹೊತ್ತು ಘಾಟಿಯಲ್ಲಿ ಲಾರಿ ದಾಟುವ ಬೈಕು ಬೇಕು.

ಒಂದೇ ಒಂದು ಲಡಾಖ್ ಪ್ರವಾಸಕ್ಕೆಂದು ಎತ್ತರದ, ಭಾರದ ಅಡ್ವೆಂಚರ್ ಬೈಕು ಕೊಳ್ಳಬೇಡಿ. ಲೇಹ್‌ನಲ್ಲಿ ಬಾಡಿಗೆಗೆ ಬೈಕು ಸಿಗುತ್ತದೆ. ಉಳಿದ ವರ್ಷವೆಲ್ಲ ನೀವು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಕಾಲೂರಬೇಕು.

ಹಂತ 2: 350 ಸಿಸಿಯ ಗೆರೆ

ಬಜೆಟ್ಟನ್ನು ಎಕ್ಸ್‌ಶೋರೂಮ್ ಬೆಲೆಯಲ್ಲಿ, ಅಂದರೆ ರಸ್ತೆ ತೆರಿಗೆ, ವಿಮೆ ಸೇರದ ಬೆಲೆಯಲ್ಲಿ ಯೋಚಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ 18, ಅದಕ್ಕಿಂತ ಮೇಲಿನವಕ್ಕೆ ಶೇ 40. ವಿಮೆಯಲ್ಲೂ ಗೆರೆ ಅಲ್ಲೇ ಇದೆ: 2022ರಲ್ಲಿ ನಿಗದಿಯಾದ ದರದಂತೆ ಹೊಸ ಬೈಕಿನ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 150ರಿಂದ 350 ಸಿಸಿಗೆ ₹7,365, ಅದನ್ನು ದಾಟಿದರೆ ₹15,117. ಇದರ ಮೇಲೆ ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಬೈಕಿಗೆ ಜೀವಿತಾವಧಿ ತೆರಿಗೆ ಶೇ 18. ಆದ್ದರಿಂದ ಬಾಯಿಮಾತಿನ ಬೆಲೆ ನಂಬದೆ ಎಲ್ಲವೂ ಸೇರಿದ ಆನ್‌ರೋಡ್ ಕೊಟೇಶನ್ ಬರೆಸಿಕೊಳ್ಳಿ. ಒಟ್ಟು ಬಜೆಟ್ಟಿನ ಐದನೇ ಒಂದು ಭಾಗವನ್ನು ಹೆಲ್ಮೆಟ್, ಜಾಕೆಟ್, ಕೈಗವಸು, ಬೂಟು, ಬ್ಯಾಗುಗಳಿಗೆಂದು ತೆಗೆದಿಡಿ. ಆ ಹಣಕ್ಕೆ ಕೈ ಹಾಕಬೇಕಾದರೆ ಆ ಬೈಕು ನಿಮ್ಮ ಬಜೆಟ್ಟಿನದಲ್ಲ.

ಹಂತ 3: ಹೊರೆಯ ಲೆಕ್ಕ

ಬ್ರೋಷರಿನಲ್ಲಿ ದಪ್ಪ ಅಕ್ಷರದಲ್ಲಿ ಇರದ ಒಂದು ಅಂಕಿ ಇದೆ. ಬೈಕಿನ ತೂಕವೂ ಸೇರಿದ ಗರಿಷ್ಠ ಒಟ್ಟು ತೂಕದಿಂದ ಅದರ ಸ್ವಂತ ತೂಕ, ಅಂದರೆ ಕರ್ಬ್ ವೇಯ್ಟ್ ಕಳೆದರೆ ಉಳಿಯುವುದೇ ನಿಮ್ಮ ಪಾಲು. ಎರಡೂ ಬಳಕೆದಾರರ ಕೈಪಿಡಿಯಲ್ಲಿರುತ್ತವೆ, ಶೋರೂಮಿನಲ್ಲಿ ಕೇಳಿ ತೆರೆಸಿ ನೋಡಿ. ಸಾಮಾನ್ಯವಾಗಿ ಇದು 150ರಿಂದ 200 ಕೆ.ಜಿ. ನಡುವೆ ಬರುತ್ತದೆ. ಈಗ ಕೂಡಿಸಿ: ಸವಾರ 80, ಹಿಂದಿನವರು 60, ಇಬ್ಬರ ಹೆಲ್ಮೆಟ್, ಜಾಕೆಟ್, ಬೂಟು 14, ರ‍್ಯಾಕು ಮತ್ತು ಖಾಲಿ ಪೆಟ್ಟಿಗೆಗಳು 12, ಬಟ್ಟೆಬರೆ, ನೀರು, ಉಪಕರಣ 20. ಒಟ್ಟು 186 ಕೆ.ಜಿ. ಲೋಹದ ಪೆಟ್ಟಿಗೆಗಳನ್ನು ಬಿಟ್ಟು ಬಟ್ಟೆಯ ಸ್ಯಾಡಲ್ ಬ್ಯಾಗ್ ಹಾಕಿದರೆ ಏಳೆಂಟು ಕೆ.ಜಿ. ಇಳಿಯುತ್ತದೆ. ಇಬ್ಬರು ಹೋಗುವವರಿಗೆ ಬಟ್ಟೆಯ ಬ್ಯಾಗೇ ಸರಿ.

ಒಂದು ಟ್ಯಾಂಕಿಗೆ ಎಷ್ಟು ದೂರ ಎಂಬ ಲೆಕ್ಕ ಸುಲಭ: ಟ್ಯಾಂಕಿನ ಲೀಟರಿನಲ್ಲಿ ಎರಡು ಕಳೆದು ಮೈಲೇಜಿನಿಂದ ಗುಣಿಸಿ. ಮೈಲೇಜನ್ನು ಹೆದ್ದಾರಿ ವೇಗಕ್ಕೆ ತಕ್ಕಂತೆ ಇಳಿಸಿಕೊಳ್ಳಿ, 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಶೇ 56ರಷ್ಟು ಹೆಚ್ಚುತ್ತದೆ. ಮುನ್ನೂರು ಕಿ.ಮೀ. ಸಿಕ್ಕರೆ ನಮ್ಮ ರಾಜ್ಯಕ್ಕೆ ಸಾಕು. ಕುದುರೆಮುಖದ ಕಾಡಿನ ದಾರಿಯಲ್ಲಿ ಬಂಕ್ ಹುಡುಕುವ ಸ್ಥಿತಿ ಬರಬಾರದು.

ಹಂತ 4: ಬ್ರ್ಯಾಂಡುಗಳನ್ನು ತೂಗುವುದು

ಒಂದೇ ಸಾಲಿನಲ್ಲಿ ನಿಲ್ಲುವ ಬೈಕುಗಳನ್ನು ಮಾತ್ರ ಹೋಲಿಸಿ. 350 ಸಿಸಿ ಗೆರೆಯ ಕೆಳಗೆ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಇದೆ: 249 ಸಿಸಿ, 26.5 ಪಿಎಸ್ (ಎಂಜಿನ್ ಶಕ್ತಿಯ ಅಳತೆ), 12 ಲೀಟರ್ ಟ್ಯಾಂಕ್, ತೂಕ 167 ಕೆ.ಜಿ. ಎಂಜಿನ್ ತಣ್ಣಗಾಗುವುದು ಆಯಿಲ್‌ನಿಂದ, ಹಾಗಾಗಿ ಕೂಲೆಂಟ್ ಪೈಪು, ವಾಟರ್ ಪಂಪಿನ ಗೊಡವೆ ಇಲ್ಲ. ಹೊಸೂರಿನ ಟಿವಿಎಸ್ 2025ರ ಅಕ್ಟೋಬರ್‌ನಲ್ಲಿ ಬಿಟ್ಟ ಅಪಾಚೆ ಆರ್‌ಟಿಎಕ್ಸ್ 299 ಸಿಸಿಯಲ್ಲೇ 36 ಪಿಎಸ್ ಕೊಡುತ್ತದೆ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಶಕ್ತಿ 20.2 ಪಿಎಸ್ ಮಾತ್ರ, ಆದರೆ ಸೀಟು 765 ಮಿ.ಮೀ., ಟ್ಯಾಂಕು 15 ಲೀಟರ್. ಎಂಬತ್ತು ತೊಂಬತ್ತರಲ್ಲಿ ಸಮಾಧಾನವಾಗಿ ಹೋಗುವ ದಂಪತಿಗೆ ಇದಕ್ಕಿಂತ ಸುಖದ ಬೈಕಿಲ್ಲ, ನೂರರ ಮೇಲೆ ಹೋಗುವವರಿಗೆ ಇದು ಬೇಡ.

ಗೆರೆಯ ಮೇಲೆ ಹಿಮಾಲಯನ್ 450: 452 ಸಿಸಿ, 40 ಪಿಎಸ್, 17 ಲೀಟರ್, 196 ಕೆ.ಜಿ., ಸೀಟನ್ನು 825 ಅಥವಾ 845 ಮಿ.ಮೀ.ಗೆ ಕೂರಿಸಬಹುದು. ಕೆಟಿಎಂ 390 ಅಡ್ವೆಂಚರ್ 399 ಸಿಸಿಯಲ್ಲಿ 46 ಪಿಎಸ್, ಇವುಗಳಲ್ಲೆಲ್ಲ ಚುರುಕು. ಬಜಾಜ್ ಡಾಮಿನಾರ್ 400 ಕೂಡ 40 ಪಿಎಸ್‌ನದು, ಸೀಟು 800 ಮಿ.ಮೀ., ಎರಡೂ ಚಕ್ರ 17 ಇಂಚು. ಡಾಂಬರು ದಾರಿಗೇ ಮೀಸಲಾದವರಿಗೆ ಚೆನ್ನ, ಕಲ್ಲುದಾರಿಗೆ ಅಲ್ಲ. ಟ್ರಯಂಫ್ ಸ್ಕ್ರ್ಯಾಂಬ್ಲರ್ 400 ಎಕ್ಸ್ ತಯಾರಾಗುವುದೂ ಬಜಾಜ್‌ನ ಚಾಕಣ್ ಕಾರ್ಖಾನೆಯಲ್ಲೇ. ಹೋಂಡಾ ಎನ್‌ಎಕ್ಸ್500ರಲ್ಲಿ ಎರಡು ಸಿಲಿಂಡರ್, ಆದ್ದರಿಂದ ನಡುಕ ಬಹಳ ಕಡಿಮೆ. ಆದರೆ ಅದರ ಸರ್ವಿಸ್ ಹೋಂಡಾದ ದೊಡ್ಡ ಬೈಕುಗಳಿಗೆಂದೇ ಇರುವ ಬಿಗ್‌ವಿಂಗ್ ಕೇಂದ್ರಗಳಲ್ಲಿ, ಅವು ದೊಡ್ಡ ಊರುಗಳಲ್ಲಿ ಮಾತ್ರ.

ನಮ್ಮ ಖಚಿತ ಸಲಹೆ: ಒಬ್ಬರೇ ಹೋಗುವವರಿಗೆ ವಿ-ಸ್ಟ್ರಾಮ್ ಅಥವಾ ಆರ್‌ಟಿಎಕ್ಸ್, ಇಬ್ಬರು ಲಗೇಜು ಹೊತ್ತು ರಾಜ್ಯ ದಾಟುವುದಾದರೆ ಹಿಮಾಲಯನ್ 450. ಯಾವುದೇ ಬ್ರ್ಯಾಂಡಿನದಾದರೂ ಟ್ಯೂಬ್‌ಲೆಸ್ ಚಕ್ರವೇ ಬೇಕು. ಶಿರಾಡಿ ಘಾಟಿಯಲ್ಲಿ ರಾತ್ರಿ ಮೊಳೆ ಹೊಕ್ಕರೆ ಪ್ಲಗ್ ಕಿಟ್ಟು, ಪುಟ್ಟ ಪಂಪು ಇದ್ದವರು ಹತ್ತು ನಿಮಿಷದಲ್ಲಿ ಹೊರಡುತ್ತಾರೆ. ಟ್ಯೂಬ್ ಟೈರಿನವರು ಚಕ್ರವನ್ನೇ ಬಿಚ್ಚಬೇಕು. ಸ್ಪೋಕ್ ಚಕ್ರ ಬೇಕೆನ್ನುವವರು ಟ್ಯೂಬ್‌ಲೆಸ್ ಸ್ಪೋಕ್ ಇರುವ ಆವೃತ್ತಿಗೆ ಹೆಚ್ಚು ಹಣ ಕೊಡಿ, ಹೊಂಡಕ್ಕೆ ಬಿದ್ದಾಗ ಅಲಾಯ್‌ನಂತೆ (ಕಡ್ಡಿಗಳಿಲ್ಲದ ಎರಕದ ಚಕ್ರದಂತೆ) ಬಿರುಕು ಬಿಡುವ ಭಯ ಕಡಿಮೆ.

ಹಂತ 5: ಟೆಸ್ಟ್ ರೈಡ್

ಎಲ್ಲರೂ ಎಡವುವುದು ಇಲ್ಲೇ. ಬಡಾವಣೆ ಸುತ್ತಿ ಬರುವ ಎರಡು ಕಿ.ಮೀ.ಗೆ ಟೆಸ್ಟ್ ರೈಡ್ ಎಂಬ ಹೆಸರೇ ಸಲ್ಲದು. ವಾರದ ನಡುವೆ ಬೆಳಿಗ್ಗೆ ಹೋಗಿ, 40 ನಿಮಿಷ ಕೇಳಿ. ಪ್ರವಾಸಕ್ಕೆ ಹಾಕುವ ಬೂಟು, ಜಾಕೆಟ್, ಹೆಲ್ಮೆಟ್ ಧರಿಸಿ ಹೋಗಿ. ನಿಮ್ಮ ಹಿಂದೆ ಕೂರುವವರನ್ನೇ ಕರೆದುಕೊಂಡು ಹೋಗಿ, ಸೇಲ್ಸ್‌ನವರನ್ನು ಹಿಂದೆ ಕೂರಿಸಿಕೊಂಡು ಉಪಯೋಗವಿಲ್ಲ.

ಮೊದಲು ನಿಂತಲ್ಲೇ ಪರೀಕ್ಷೆ. ಸೀಟಿನ ಎತ್ತರದ ಅಂಕಿ ಅರ್ಧ ಸತ್ಯ. ಸೀಟು ಅಗಲವಾಗಿದ್ದರೆ ತೊಡೆ ಹರಡಿ ಕಾಲು ಗಿಡ್ಡವಾಗುತ್ತದೆ, ಸಸ್ಪೆನ್ಶನ್ ಮೆದುವಾಗಿದ್ದರೆ ಕೂತ ಕೂಡಲೇ ಬೈಕು ಕುಗ್ಗಿ ಕಾಲು ಊರುತ್ತದೆ. ಸಮತಟ್ಟಿನಲ್ಲಿ ಒಂದು ಪಾದ ಪೂರ್ತಿ, ಇನ್ನೊಂದರ ಮುಂಗಾಲು ತಾಗಿದರೆ ಸಾಕು. ಆಮೇಲೆ ಬೈಕನ್ನು ರಸ್ತೆಯ ಎಡ ಅಂಚಿಗೆ, ಇಳಿಜಾರಿರುವ ಕಡೆ ನಿಲ್ಲಿಸಿ. ಎಡಗಾಲು ನೆಲ ಹುಡುಕಬೇಕಾಗುವುದು ಅಲ್ಲಿ. ಈಗ ಹಿಂದಿನವರು ಎಡಗಡೆಯಿಂದ ಹತ್ತಲಿ. ಹತ್ತುವ ಕ್ಷಣದಲ್ಲಿ ಬೈಕು ಎಡಕ್ಕೆ ಎಳೆಯುತ್ತದೆ, ಅದನ್ನು ತಡೆದು ಹಿಡಿಯಲಾಗದಿದ್ದರೆ ಆ ಬೈಕು ಬಿಡಿ. ನಿಂತಲ್ಲೇ ಬೀಳುವ ಬೈಕುಗಳಲ್ಲಿ ಬಹುಪಾಲು ಬೀಳುವುದು ಹೀಗೆಯೇ. ಕೂತುಕೊಂಡೇ ಶೋರೂಮಿನ ರ‍್ಯಾಂಪ್ ಮೇಲೆ ಹಿಮ್ಮುಖವಾಗಿ ಎರಡು ಮೀಟರ್ ತಳ್ಳಿ ನೋಡಿ. ಮಲೆನಾಡಿನ ಹೋಂಸ್ಟೇ ಅಂಗಳಗಳು ಇಳಿಜಾರಾಗಿಯೇ ಇರುತ್ತವೆ.

ಮುಂದಿನದು ಟೇಪಿನ ಕೆಲಸ. ಹಿಂಚಕ್ರ ನೆಲ ಬಿಡುವಂತೆ ಬೈಕನ್ನು ಒಬ್ಬರು ಎತ್ತಿ ಹಿಡಿದಾಗ ಹಿಂದಿನ ಆಕ್ಸಲ್‌ನಿಂದ (ಚಕ್ರದ ನಡುವಿನ ಅಚ್ಚಿನಿಂದ) ಅದರ ನೇರ ಮೇಲೆ ಬಾಡಿಯ ಒಂದು ಗುರುತಿಗೆ ಅಳೆಯಿರಿ. ನೀವು ಕೂತ ಮೇಲೆ ಅದೇ ಜಾಗ ಮತ್ತೆ ಅಳೆಯಿರಿ. ವ್ಯತ್ಯಾಸ ಚಕ್ರದ ಒಟ್ಟು ಚಲನೆಯ ಮೂರನೇ ಒಂದು ಭಾಗದ ಆಸುಪಾಸು ಇರಬೇಕು: 200 ಮಿ.ಮೀ. ಚಲನೆಯ ಬೈಕಿಗೆ 60ರಿಂದ 70 ಮಿ.ಮೀ. ಆಮೇಲೆ ಇಬ್ಬರೂ ಕೂತು, ಹತ್ತು ಕೆ.ಜಿ. ಬ್ಯಾಗು ಹಿಂದಿಟ್ಟು ಅಳೆಯಿರಿ. ಪ್ರಿಲೋಡ್, ಅಂದರೆ ಸಸ್ಪೆನ್ಶನ್ ಸ್ಪ್ರಿಂಗಿನ ಬಿಗಿತ, ಪೂರ್ತಿ ಹೆಚ್ಚಿಸಿದರೂ ಅರ್ಧಕ್ಕಿಂತ ಹೆಚ್ಚು ಕುಗ್ಗಿದರೆ ಆ ಸ್ಪ್ರಿಂಗು ನಿಮ್ಮ ಹೊರೆಗೆ ಸಾಲದು. ಹಾಗೆ ಕುಗ್ಗಿದ ಬೈಕಿನ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಮುಂಚಕ್ರ ಹಗುರಾಗಿ ತಿರುವಿನಲ್ಲಿ ಹೊರಕ್ಕೆ ಜಾರುತ್ತದೆ. ಸೈಡ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತು ಬಲಕ್ಕೆ ಉರುಳುವುದೂ ಇದೇ ಕಾರಣಕ್ಕೆ. ಸೇಲ್ಸ್‌ನವರು ಇದನ್ನೆಲ್ಲ ವಿಚಿತ್ರವಾಗಿ ನೋಡಬಹುದು, ನೋಡಲಿ.

ಈಗ ಓಡಿಸಿ. ಐದು ನಿಮಿಷ 80ರಲ್ಲಿ, ಐದು ನಿಮಿಷ 100ರಲ್ಲಿ, ಕೊನೆಯ ಗೇರಿನಲ್ಲಿ. ಕನ್ನಡಿಯಲ್ಲಿ ಹಿಂದಿನ ವಾಹನದ ನಂಬರ್ ಪ್ಲೇಟು ಓದಲು ಬರಬೇಕು. ನಿಲ್ಲಿಸಿದ ಮೇಲೆ ಅಂಗೈ ಜುಮುಗುಟ್ಟಿದರೆ 400 ಕಿ.ಮೀ. ಆದ ಮೇಲೆ ಬೆರಳು ಮರಗಟ್ಟುವುದು ಖಂಡಿತ. ಗಾಳಿಯ ಪರೀಕ್ಷೆ ಹೀಗೆ: ಹೆಲ್ಮೆಟ್ ಅದುರುತ್ತಿದ್ದರೆ, ಎದುರು ಬದುರು ಯಾರೂ ಇಲ್ಲದಾಗ ಫುಟ್‌ರೆಸ್ಟ್ ಮೇಲೆ ಐದು ಸೆಂ.ಮೀ. ಮೇಲೇಳಿ. ಗಾಳಿಯ ಸದ್ದು ತಟ್ಟನೆ ತಿಳಿಯಾದರೆ ವಿಂಡ್‌ಸ್ಕ್ರೀನ್‌ನ ಅಂಚಿನ ಸುಳಿಗಾಳಿ ನಿಮ್ಮ ತಲೆಗೆ ಬಡಿಯುತ್ತಿದೆ ಎಂದರ್ಥ. ಇದಕ್ಕೆ ಎತ್ತರದ ಗಾಜು ಹಾಕಿಸುವುದೇ ಪರಿಹಾರ ಎಂದುಕೊಳ್ಳುವುದು ತಪ್ಪು, ಎಷ್ಟೋ ಸಲ ಗಿಡ್ಡ ಗಾಜೇ ತಲೆಗೆ ನಿರಾಳ. ರೇಡಿಯೇಟರ್ ಇರುವ ಬೈಕಾದರೆ ಟ್ರಾಫಿಕ್ಕಿನಲ್ಲಿ ಅದರ ಫ್ಯಾನ್ ಓಡುವವರೆಗೆ ಕಾದು, ಬಿಸಿಗಾಳಿ ಮೊಣಕಾಲಿಗೆ ಹೊಡೆಯುವುದೋ ಗಮನಿಸಿ. ಕೊನೆಯಲ್ಲಿ ಇಬ್ಬರೂ ಕೂತು ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಏರಿಸಿ. ಘಾಟಿಯಲ್ಲಿ ಲಾರಿ ದಾಟುವುದು ಇದೇ ಗೇರಿನಲ್ಲಿ. ಒಂದು ಪೂರ್ತಿ ಯು-ಟರ್ನ್ ಹೊಡೆಯಿರಿ, ಆಗುಂಬೆಯ 14 ತಿರುವುಗಳಲ್ಲಿ ಅದು ನೆನಪಾಗುತ್ತದೆ. ಹಿಂದಿನವರನ್ನು ಕೇಳಿ: ಮೊಣಕಾಲು ಎಷ್ಟು ಮಡಚಿತು, ಹಿಡಿಯಲು ಏನಿತ್ತು, ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರಿದರೋ?

ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಅದೇ ಮಾದರಿಯನ್ನು ಎರಡು ದಿನ ಬಾಡಿಗೆಗೆ ತಂದು ಮುನ್ನೂರು ಕಿ.ಮೀ. ಓಡಿಸಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರವಿರುವ ಪರವಾನಗಿಯ ಬಾಡಿಗೆ ಬೈಕನ್ನೇ ತನ್ನಿ. ಕೊಟ್ಟ ಬಾಡಿಗೆ ತಪ್ಪು ಬೈಕು ಕೊಂಡು ಮಾರುವ ನಷ್ಟದ ಹತ್ತರಲ್ಲೊಂದು ಪಾಲೂ ಆಗುವುದಿಲ್ಲ.

ಹಂತ 6: ಸರ್ವಿಸ್ ಕೇಂದ್ರಕ್ಕೆ ಫೋನು

ಶೋರೂಮಿನ ಮಾತು ಸಾಲದು. ನಿಮ್ಮ ಪಟ್ಟಿಯ ದೂರದ ಊರಿಗೆ ಹತ್ತಿರವಿರುವ ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿ ಐದು ವಸ್ತು ಕೇಳಿ: ಕ್ಲಚ್ ಲಿವರ್, ಕ್ಲಚ್ ಕೇಬಲ್, ಮುಂದಿನ ಬ್ರೇಕ್ ಪ್ಯಾಡ್, ಚೈನ್ ಸೆಟ್, ಏರ್ ಫಿಲ್ಟರ್. ಬೆಲೆ ಕೇಳುವುದಕ್ಕಿಂತ ಈಗ ಸ್ಟಾಕ್ ಇದೆಯೇ ಎಂದು ಕೇಳಿ. ಐದರಲ್ಲಿ ಮೂರು ಇಲ್ಲದಿದ್ದರೆ ಆ ಬ್ರ್ಯಾಂಡನ್ನು ಪಟ್ಟಿಯಿಂದ ಹೊಡೆಯಿರಿ.

ಹಂತ 7: ಬಿಡಿ ಸಾಮಾನು

ಬೆಸುಗೆ ಹಾಕಿದ ಅಗ್ಗದ ಕ್ರ್ಯಾಶ್ ಗಾರ್ಡ್ ಬೇಡ. ಬಿದ್ದಾಗ ಅದು ಬಾಗದೆ ಪೆಟ್ಟನ್ನು ನೇರ ಫ್ರೇಮಿಗೆ ದಾಟಿಸುತ್ತದೆ. ಫಾಗ್ ಲೈಟನ್ನು ರಿಲೇ, ಫ್ಯೂಸ್ ಇಲ್ಲದೆ ನೇರ ಬ್ಯಾಟರಿಗೆ ಜೋಡಿಸಿಕೊಡುವ ಅಂಗಡಿಗೆ ಬೈಕನ್ನು ಒಪ್ಪಿಸಬೇಡಿ. ಮೂಲ ವೈರು ಕತ್ತರಿಸಿದರೆ ವಾರಂಟಿಯೂ ಹೋಗುತ್ತದೆ, ವೈರು ಕತ್ತರಿಸದೆ ಸಿಕ್ಕಿಸುವ ಕಪ್ಲರ್ ಇರುವ ಹಾರ್ನೆಸ್ (ವೈರಿನ ಕಟ್ಟು) ಕೇಳಿ. 55 ಲೀಟರಿನ ಟಾಪ್ ಬಾಕ್ಸ್ ಹಿಂದಿನ ಆಕ್ಸಲ್‌ಗಿಂತ ಹಿಂದೆ ತೂಗುವುದರಿಂದ ಸನ್ನೆಗೋಲಿನಂತೆ ಮುಂಚಕ್ರವನ್ನು ಎತ್ತುತ್ತದೆ, ವೇಗದಲ್ಲಿ ಹ್ಯಾಂಡಲ್ ಅಲುಗತೊಡಗುತ್ತದೆ. ಭಾರವಾದುದೆಲ್ಲ ಪಕ್ಕದ ಬ್ಯಾಗುಗಳ ತಳಕ್ಕೆ, ಮೇಲಿನ ಪೆಟ್ಟಿಗೆಗೆ ರೇನ್‌ಕೋಟ್ ಮಾತ್ರ. ಮೊಬೈಲ್ ಹೋಲ್ಡರಿಗೆ ವೈಬ್ರೇಶನ್ ಡ್ಯಾಂಪರ್ ಇಲ್ಲದಿದ್ದರೆ ಫೋನಿನ ಕ್ಯಾಮೆರಾ ಹಾಳಾಗುವ ಸಾಧ್ಯತೆ ಇದೆ.

ಡೆಲಿವರಿ ದಿನ ಚಾಸಿ ನಂಬರ್, ಟೈರಿನ ತಯಾರಿಕಾ ವಾರ, ಟೂಲ್ ಕಿಟ್ ನೋಡಿಕೊಳ್ಳಿ. ಮೊದಲ ಸರ್ವಿಸ್ ಆಗಿ ಹೊಸ ಆಯಿಲ್ ಬೀಳುವವರೆಗೆ ದೂರ ಹೋಗಬೇಡಿ. ಮೊದಲ ಪ್ರವಾಸದಲ್ಲಿ ಟೈರಿನ ಗಾಳಿಯನ್ನು ಕೈಪಿಡಿಯ ‘ಇಬ್ಬರು ಸವಾರರು’ ಸಾಲಿನಂತೆ ತುಂಬಿಸಿ, ಇನ್ನೂರು ಕಿ.ಮೀ. ಆದ ಕೂಡಲೇ ರ‍್ಯಾಕಿನ ಪ್ರತಿ ಬೋಲ್ಟಿಗೂ ಸ್ಪ್ಯಾನರ್ ಹಾಕಿ. ಹೊಸ ರ‍್ಯಾಕಿನಲ್ಲಿ ಒಂದೆರಡಾದರೂ ಸಡಿಲವಾಗಿರುತ್ತವೆ.