ಸ್ಕೋಮರ್ ದ್ವೀಪದ ತೊರೆಯ ದಡದಲ್ಲಿ ಅಗೆಯದೆ ಮಾಡಿದ ಸಮೀಕ್ಷೆ: ನನ್ನ ಅನುಭವ

ವೇಲ್ಸ್‌ನ ಪೆಂಬ್ರೋಕ್‌ಷೈರ್ ಕರಾವಳಿಯಾಚೆ, ರಭಸದ ಸೆಳೆತವಿರುವ ಜ್ಯಾಕ್ ಸೌಂಡ್ ಜಲಸಂಧಿಯನ್ನು ದಾಟಿದರೆ ಸ್ಕೋಮರ್ ದ್ವೀಪ ಸಿಗುತ್ತದೆ. ಅದರ ನಡುಭಾಗವನ್ನು 18 ಮತ್ತು 19ನೆಯ ಶತಮಾನಗಳ ಬೇಸಾಯ ಬಹುಮಟ್ಟಿಗೆ ಸಮತಟ್ಟು ಮಾಡಿತು. ಅಂಚಿನ ಇಳಿಜಾರುಗಳಲ್ಲಿ ಮಾತ್ರ ಇತಿಹಾಸಪೂರ್ವ ಕಾಲದ ಹೊಲಗಳ ಗಡಿಗೋಡೆಗಳು, ದುಂಡು ಮನೆಗಳ ಬುನಾದಿಗಳು, ಚಿಕ್ಕ ಆವರಣಗಳು ಹುಲ್ಲಿನಡಿಯಲ್ಲಿ ಉಳಿದುಕೊಂಡಿವೆ. ಉತ್ತರ ತೊರೆಯ ಬಳಿ ಇರುವ ಅಂಥದೊಂದು ಆವರಣದ ನಕ್ಷೆಯನ್ನು ನಾನು ಹೇಗೆ ತಯಾರಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ನೆಲಕ್ಕೆ ಎರಡು ಬಗೆಯ ರಕ್ಷಣೆಯಿದೆ. ಸಂರಕ್ಷಿತ ಸ್ಮಾರಕವಾದ್ದರಿಂದ ಇಲ್ಲಿ ಒಪ್ಪಿಗೆಯಿಲ್ಲದೆ ಅಗೆಯುವಂತಿಲ್ಲ. ಜೊತೆಗೆ, ನೆಲದೊಳಗೆ ಬಿಲ ಕೊರೆದು ಮೊಟ್ಟೆಯಿಡುವ ಮ್ಯಾಂಕ್ಸ್ ಶಿಯರ್‌ವಾಟರ್ ಕಡಲಹಕ್ಕಿಗಳ ಮೂರು ಲಕ್ಷಕ್ಕೂ ಹೆಚ್ಚು ಜೋಡಿಗಳು ಈ ದ್ವೀಪದಲ್ಲಿ ನೆಲೆಸುತ್ತವೆ. ದಾರಿ ಬಿಟ್ಟು ಕಾಲಿಟ್ಟರೆ ಬಿಲದ ಮೇಲ್ಮಣ್ಣು ಕುಸಿದು ಒಳಗಿನ ಹಕ್ಕಿ ಸಾಯಬಹುದು. ಆದ್ದರಿಂದ ಅನುಮತಿ ಪಡೆದ ಮೇಲೂ ದ್ವೀಪಪಾಲಕರು ತೋರಿಸಿದ ಜಾಗದಲ್ಲಷ್ಟೇ ಹೆಜ್ಜೆಯಿಟ್ಟೆ. ನೆಲಕ್ಕೆ ಗೂಟ ಹೊಡೆಯಲಿಲ್ಲ. ಅಳತೆಯ ಆಧಾರಬಿಂದುಗಳನ್ನು ಹೊರಚಾಚಿದ ಬಂಡೆಗಳ ಮೇಲೆಯೇ ಗುರುತಿಸಿಕೊಂಡು, ಟೇಪಿನ ಎರಡೂ ತುದಿಗಳನ್ನು ಮರಳು ತುಂಬಿದ ಚೀಲಗಳಿಂದ ಒತ್ತಿಟ್ಟೆ.

ಈ ಕೆಲಸದಲ್ಲಿ ಉಪಕರಣಕ್ಕಿಂತ ಋತುವಿನ ಆಯ್ಕೆ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ. ಬೇಸಿಗೆಯಲ್ಲಿ ಬ್ರಾಕೆನ್ ಎಂಬ ಜರೀಗಿಡ ಸೊಂಟದೆತ್ತರ ಬೆಳೆದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ವಸಂತದ ಆರಂಭದಲ್ಲಿ ಹಳೆಯ ಜರೀಗಿಡ ಒಣಗಿ ಮಲಗಿರುತ್ತದೆ, ಹೊಸ ಚಿಗುರು ಇನ್ನೂ ಎದ್ದಿರುವುದಿಲ್ಲ. ಆಗ ಬೆಳಗ್ಗೆ ಮತ್ತು ಸಂಜೆಯ ಓರೆಬಿಸಿಲಿನಲ್ಲಿ ಗೇಣೆತ್ತರದ ದಿಬ್ಬವೂ ನೆರಳು ಚೆಲ್ಲುತ್ತದೆ. ಮಧ್ಯಾಹ್ನ ಕಾಣದ ಗೋಡೆಯ ತಿರುವುಗಳನ್ನು ನಾನು ಹಾಳೆಗಿಳಿಸಿದ್ದು ಆ ಹೊತ್ತುಗಳಲ್ಲಿಯೇ.

ನೀರಿಗೆ ಹಾಳಾಗದ ಡ್ರಾಯಿಂಗ್ ಫಿಲ್ಮ್ ಮೇಲೆ 1:200 ಪ್ರಮಾಣದಲ್ಲಿ ಪೆನ್ಸಿಲ್‌ನಿಂದ ನಕ್ಷೆ ಬರೆದೆ. ಇಳಿಜಾರನ್ನು ತೋರಿಸುವ ಹ್ಯಾಶೂರ್ ಗೆರೆಗಳ ದಪ್ಪ ತಲೆ ದಿಬ್ಬದ ನೆತ್ತಿಯಲ್ಲಿಯೂ ಸಪೂರ ಬಾಲ ತಗ್ಗಿನ ಕಡೆಗೂ ಇರಬೇಕು. ಒಂದೊಂದು ಗೆರೆ ಎಳೆಯುವಾಗಲೂ ಮಣ್ಣು ಎತ್ತ ಇಳಿಯುತ್ತದೆ ಎಂದು ನಿರ್ಧರಿಸಲೇಬೇಕಾಗುತ್ತದೆ. ಛಾಯಾಚಿತ್ರ ಈ ನಿರ್ಧಾರವನ್ನು ನಮ್ಮಿಂದ ಬೇಡುವುದಿಲ್ಲ. ವಿಮಾನದಿಂದ ಲೇಸರ್ ಕಿರಣ ಹಾಯಿಸಿ ಪಡೆದ ಲೈಡಾರ್ ಚಿತ್ರ ಕೈಯಲ್ಲಿದ್ದರೂ ಪೆನ್ಸಿಲ್ ಹಿಡಿದು ನೆಲದ ಬಳಿಗೆ ಹೋಗಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ಯಾವ ಗೋಡೆ ಮೊದಲಿನದು ಎಂದು ತಿಳಿಯಲು ಅವು ಕೂಡುವ ಮೂಲೆಗಳನ್ನು ನೋಡಿದೆ: ಒಂದರ ಕಲ್ಲುಸಾಲು ತಡೆಯಿಲ್ಲದೆ ಮುಂದುವರಿದು, ಇನ್ನೊಂದು ಅದಕ್ಕೆ ಬಂದು ಒರಗಿದ್ದರೆ, ಒರಗಿದ್ದು ಸಾಮಾನ್ಯವಾಗಿ ನಂತರದ್ದು. ಉಳುಮೆಯಾದ ಹೊಲದಲ್ಲಿ ಮಣ್ಣು ಇಳಿಜಾರಿನಲ್ಲಿ ಜಾರಿ ಬಂದು ಕೆಳಗಡಿಯ ಗೋಡೆಗೆ ಆತು ನಿಲ್ಲುತ್ತದೆ. ಅಂಥ ಶೇಖರಣೆ ಇದ್ದರೆ ಅಲ್ಲಿ ಬೇಸಾಯ ನಡೆದಿತ್ತೆನ್ನಬಹುದು, ಇಲ್ಲದಿದ್ದರೆ ದನಕುರಿಗಳ ದೊಡ್ಡಿ ಇದ್ದಿರಬಹುದೆಂದು ಯೋಚಿಸಬಹುದು.

ತೊರೆಯನ್ನು ಬಿಟ್ಟು ಆವರಣವನ್ನಷ್ಟೇ ಬರೆದರೆ ನಕ್ಷೆ ಅಪೂರ್ಣ. 2014ರಲ್ಲಿ ಪುರಾತತ್ತ್ವಜ್ಞರು ಈ ದ್ವೀಪದ ದುಂಡು ಮನೆಯೊಂದರ ಪಕ್ಕದ ಸುಟ್ಟ ಕಲ್ಲುಗಳ ದಿಬ್ಬದಲ್ಲಿ ಒಂದು ಚಿಕ್ಕ ಗುಂಡಿ ತೋಡಿದಾಗ ದನದ ಹಲ್ಲೊಂದು ಸಿಕ್ಕಿತು. ಕಾರ್ಬನ್ ಕಾಲನಿರ್ಣಯದಿಂದ ಅದು ಕಬ್ಬಿಣಯುಗದ್ದೆಂದು ತಿಳಿಯಿತು. ಇಂಥ ಕಲ್ಲುಗಳನ್ನು ಕಾಯಿಸಿ ನೀರಿಗೆ ಹಾಕಿ ನೀರು ಕುದಿಸುತ್ತಿದ್ದರು. ಬಿಸಿಗೆ ಸೀಳಿದ ಕಲ್ಲನ್ನು ಎಸೆದು ಎಸೆದು ದಿಬ್ಬವೇ ಬೆಳೆಯುವಷ್ಟು ನೀರು ಕುದಿಸಿದವರಿಗೆ ಹರಿಯುವ ನೀರು ಎಷ್ಟು ಮುಖ್ಯವಾಗಿತ್ತೆಂದು ಊಹಿಸಬಹುದು. ಆದ್ದರಿಂದ ತೊರೆಯ ಎರಡೂ ದಡಗಳನ್ನು, ಒಸರು ಜಾಗಗಳನ್ನು, ಆವರಣದ ಬಾಯಿಯಿಂದ ನೀರಿನವರೆಗಿನ ಅಂತರವನ್ನು ಗೋಡೆಗಳಷ್ಟೇ ಎಚ್ಚರಿಕೆಯಿಂದ ಅಳೆದು ಅದೇ ಹಾಳೆಯಲ್ಲಿ ಬರೆದೆ.