ಕರಿಯನಿಗೆ ಹಲ್ಲುಜ್ಜಿಸಿದ್ದು: ಮೊದಲು ಬೆರಳು, ಆಮೇಲೆ ಬ್ರಷ್

ಕರಿಯನ ಬಾಯಿ ನಾರುತ್ತಿದ್ದರೂ ‘ನಾಯಿ ಬಾಯಿ ಅಂದಮೇಲೆ ಇಷ್ಟೇ’ ಅಂತ ಸುಮ್ಮನಿದ್ದೆ. ಒಂದು ದಿನ ಆಕಳಿಸಿದಾಗ ಮೇಲ್ದವಡೆಯ ದೊಡ್ಡ ಹಲ್ಲಿಗೆ ಕಂದು ಗಾರೆ ಮೆತ್ತಿದ ಹಾಗೆ ಕಂಡಿತು. ಉಗುರಲ್ಲಿ ಕೆರೆದೆ. ಚಕ್ಕೆ ಎದ್ದು ಬಂತು, ಕೆಳಗೆ ಬೆಳ್ಳನೆಯ ಹಲ್ಲು. ಗೆದ್ದೆ ಅಂದುಕೊಂಡೆ. ಡಾಕ್ಟರು ತುಟಿ ಎತ್ತಿ ವಸಡಿನಂಚಿನ ಕೆಂಪು ಗೆರೆ ತೋರಿಸಿದರು. ಕಾಯಿಲೆ ಇರುವುದು ವಸಡಿನೊಳಗೆ.

ಎಚ್ಚರವಿರುವ ನಾಯಿ ಅಲ್ಲಿಗೆ ಸಲಕರಣೆ ತೂರಿಸಲು ಬಿಟ್ಟೀತೇ? ಅದಕ್ಕೇ ಅರಿವಳಿಕೆ. ಅದಿಲ್ಲದೆ ಮಾಡುವ ಕ್ಲೀನಿಂಗ್ ಅಂದರೆ ಬಿರುಕು ಗೋಡೆಗೆ ಸುಣ್ಣ ಬಳಿದಂತೆ. ಮೊದಲು ರಕ್ತ ಪರೀಕ್ಷೆ ಮಾಡಿ ಕಿಡ್ನಿ, ಲಿವರ್ ಹೇಗಿವೆ ಅಂತ ನೋಡುತ್ತಾರೆ. ಹಲ್ಲಿಗಂಟಿದ ಗಾರೆ ಕೆರೆಯುವ ಸ್ಕೇಲರ್‌ನ ನೀರು ಶ್ವಾಸಕೋಶಕ್ಕೆ ಇಳಿಯದಂತೆ ಗಂಟಲಿಗೆ ಟ್ಯೂಬ್ ಹಾಕುತ್ತಾರೆ. ನೀವು ಎರಡು ಮಾತು ಮರೆಯದೆ ಕೇಳಿ: ಹಲ್ಲಿನ ಎಕ್ಸ್‌ರೇ ತೆಗೆಯುತ್ತೀರಾ, ಕೊನೆಗೆ ಪಾಲಿಶ್ ಮಾಡುತ್ತೀರಾ? ಪಾಲಿಶ್ ಆಗದ ಒರಟು ಹಲ್ಲಿಗೆ ಪಾಚಿ, ಅಂದರೆ ಹಲ್ಲಿನ ಮೇಲೆ ಕೂರುವ ಲೋಳೆ ಪದರ, ಬೇಗ ಅಂಟುತ್ತದೆ. ಮೇಲೆ ಗಟ್ಟಿಯಾಗೇ ಕಾಣುತ್ತಿದ್ದ ಕರಿಯನ ಎರಡು ಹಲ್ಲುಗಳ ಬೇರು ಹಾಳಾಗಿದ್ದು ಎಕ್ಸ್‌ರೇಯಲ್ಲೇ ಗೊತ್ತಾಗಿದ್ದು. ಕಿತ್ತರು. 42ರಲ್ಲಿ 40 ಉಳಿದವು.

ಇನ್ನು ನಮ್ಮ ಪಾಲಿನ ಕೆಲಸ. ಪಾಚಿ ಎರಡು ಮೂರು ದಿನದಲ್ಲಿ ಕಲ್ಲಾಗುತ್ತದೆ. ಕಲ್ಲಾದ ಮೇಲೆ ಬ್ರಷ್‌ಗೆ ಬಗ್ಗುವುದಿಲ್ಲ. ಹಾಗಾಗಿ ಭಾನುವಾರಕ್ಕೊಮ್ಮೆ ಉಜ್ಜಿದರೆ ಏನೂ ಪ್ರಯೋಜನವಿಲ್ಲ, ದಿನಾ ಉಜ್ಜಬೇಕು. ಬಾಯಿ ನೋವು ವಾಸಿಯಾದ ಮೇಲೇ ಶುರು ಮಾಡಿ. ಮೊದಲ ವಾರ ನಾನು ಬ್ರಷ್ ಮುಟ್ಟಲೇ ಇಲ್ಲ. ಪಕ್ಕದಲ್ಲಿ ಕೂತು ತುಟಿ ಎತ್ತಿ ಬಿಡುವುದು, ಬೆನ್ನು ತಟ್ಟುವುದು, ಅಷ್ಟೇ. ಆಮೇಲೆ ಬೆರಳಿಗೆ ನಾಯಿಗಳ ಪೇಸ್ಟ್, ಅದನ್ನವನು ನೆಕ್ಕಿದ. ಮೂರನೇ ವಾರ ಮೆದು ಬ್ರಷ್. ಎಳೆಗಳನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು ಪುಟ್ಟ ಸುತ್ತು ಹಾಕಿ. ಬಾಯಿ ತೆರೆಸುವ ಜಗಳ ಬೇಡ, ಹೊರಮೈ ಉಜ್ಜಿದರೆ ಸಾಕು. ಒಳಮೈಯನ್ನು ನಾಲಿಗೆಯೇ ಒಂದಿಷ್ಟು ನೋಡಿಕೊಳ್ಳುತ್ತದೆ. ಕೆನ್ನೆಯ ಹಿಂದಿನ ಆ ದೊಡ್ಡ ಹಲ್ಲಿನಿಂದಲೇ ಶುರು ಮಾಡಿ, ಯಾಕೆಂದರೆ ತಾಳ್ಮೆ ಬೇಗ ಮುಗಿಯುತ್ತದೆ. ಅವನದೂ, ನಮ್ಮದೂ.

ನಮ್ಮ ಟೂತ್‌ಪೇಸ್ಟ್ ಖಂಡಿತ ಬೇಡ. ನಾಯಿಗಳು ಉಗುಳುವುದಿಲ್ಲ, ನುಂಗುತ್ತವೆ. ಪೇಸ್ಟ್‌ನಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ಇದ್ದರಂತೂ ನಾಯಿಗೆ ವಿಷ. ಅಗಿಯಲು ಕೊಡುವ ವಸ್ತುವನ್ನು ಹೆಬ್ಬೆರಳ ಉಗುರಿಂದ ಒತ್ತಿ ನೋಡಿ. ಗುರುತು ಬೀಳದಷ್ಟು ಗಟ್ಟಿಯಿದ್ದರೆ ಹಲ್ಲೇ ಸೀಳೀತು.

ಮನೆಯ ಬೆಕ್ಕಿಗೂ ಇದೇ ಕ್ರಮ, ಅವಳಿಗೆ 30 ಹಲ್ಲು. ನಾಲ್ಕು ತಿಂಗಳಾಯಿತು, ಇನ್ನೂ ಬೆರಳಿನ ಹಂತದಲ್ಲೇ ಇದ್ದೇವೆ.